ಅತ್ತಾಗ ನಿಲ್ಲುತ್ತಿದ್ದ ಸದ್ದು

ಮಾನ್ಯ ಓದುಗರಲ್ಲಿ ವಿನಮ್ರ ವಿಜ್ಞಾಪನೆ.

ನನ್ನ ಕಾಗುಣಿತ ಸರಿಯಿಲ್ಲ, ಕೈಬರಹವೂ ಚಂದವಿಲ್ಲ. ಎರಡಕ್ಕೂ ಮೊದಲೇ ಕ್ಷಮೆ ಬೇಡಿಕೊಳ್ಳುತ್ತೇನೆ. ಉಡುಪಿ ಕಡೆಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡವನ್ನು ಆಮೇಲೆ ಊರಿಗೆ ಕಾಗದ ಬರೆಯುವುದಕ್ಕೆ ಮಾತ್ರ ಬಳಸಿದ್ದೇನೆ. ಕೆಲಸದಲ್ಲಿ ಬರೆದದ್ದೆಲ್ಲ ಕೇಸ್ ಪೇಪರು, ರಜೆಯ ಅರ್ಜಿ, ಮೇಟ್ರನ್ನರಿಗೆ ಒಪ್ಪಿಸುವ ವರದಿ, ಅದೂ ಇಂಗ್ಲಿಷಿನಲ್ಲಿ. ಅರ್ಜಿಯ ಕ್ರಮವೊಂದೇ ನನ್ನ ಕೈಗೆ ಹತ್ತಿದ ಕ್ರಮ. ಈ ಬರಹವೂ ಅದೇ ದಾರಿ ಹಿಡಿದರೆ ದಯವಿಟ್ಟು ಸಹಿಸಿಕೊಳ್ಳಬೇಕು.

ವಿಷಯ: ಹುಟ್ಟಿದ ಹೆಣ್ಣು ಮಗುವೊಂದರ ಉಸಿರಿನ ಸದ್ದಿಗೆ ಕಾರಣ ಹುಡುಕಿದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಿಳಿಸುವುದೇನೆಂದರೆ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸಾಂತಾಕ್ರೂಜ್‌ನ ಒಂದು ಸಣ್ಣ ಪ್ರಸೂತಿಗೃಹದಲ್ಲಿ ಮೊದಲನೇ ಪಾಳಿಯ ನರ್ಸ್ ಆಗಿದ್ದೆ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನನ್ನ ಕೆಲಸ. ಮನೆ ದಹಿಸರ್‌ನಲ್ಲಿ. ಪ್ರಸೂತಿಗೃಹದ ಹೆಸರು ಬರೆಯುವುದಿಲ್ಲ, ಯಾರ ಹೆಸರನ್ನೂ ಬರೆಯುವುದಿಲ್ಲ. ವಿಮಾನಗಳು ನಮ್ಮ ಮಾಡಿನ ಮೇಲೆಯೇ ಇಳಿಯುತ್ತವೇನೋ ಎನ್ನುವಷ್ಟು ಹತ್ತಿರದಲ್ಲಿ ಹಾದು ಹೋಗುತ್ತಿದ್ದವು. ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಟ್ಟ ಡಾಕ್ಟರರು ಕೈಯೆತ್ತಿ, ವಿಮಾನ ಹೋಗಲಿ ಎಂದು ಕಾಯುವುದು ನಮಗೆ ದಿನದ ನೋಟವಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸದರಿ ಮಗು ಹುಟ್ಟಿತು. ತಾಯಿ ವಿಜಾಪುರ ಜಿಲ್ಲೆಯವಳು. ಹತ್ತಿರದಲ್ಲೇ ಏಳುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಸಿಮೆಂಟ್ ಬುಟ್ಟಿ ಹೊರುತ್ತಿದ್ದವಳು. ಗಂಡ ಅಲ್ಲಿಯೇ ಗೌಂಡಿ. ಆಕೆಗೆ ಇಪ್ಪತ್ತು ವರ್ಷ ತುಂಬಿತ್ತೋ ಇಲ್ಲವೋ. ಹೆರಿಗೆ ಸುಸೂತ್ರವಾಯಿತು. ಮಗು ಕೂಡಲೇ ಅತ್ತಿತು. ತೂಕ ಸರಿಯಿತ್ತು, ಬಣ್ಣ ಸರಿಯಿತ್ತು.

ಆಗಿನ ಕ್ರಮವನ್ನು ಇಲ್ಲಿ ಹೇಳಬೇಕು. ಮಗುವಿನ ಮೂಗು ಬಾಯಿಯ ಲೋಳೆ ತೆಗೆಯಲು ನಮ್ಮಲ್ಲಿ ಒಂದು ಗಾಜಿನ ಬುರುಡೆ ಇತ್ತು. ಅದರಿಂದ ಎರಡು ಕೆಂಪು ರಬ್ಬರ್ ನಳಿಕೆಗಳು ಹೊರಡುತ್ತಿದ್ದವು. ಒಂದರ ತುದಿ ಮಗುವಿನ ಮೂಗಿಗೆ, ಇನ್ನೊಂದರ ತುದಿ ನಮ್ಮ ಬಾಯಿಗೆ. ನಾವು ಉಸಿರೆಳೆದರೆ ಲೋಳೆ ಬುರುಡೆಗೆ ಬಂದು ಬೀಳುತ್ತಿತ್ತು. ಈ ಕೆಲಸಕ್ಕೆ ನಾವು ಸಕ್ಷನ್ ಎನ್ನುತ್ತಿದ್ದೆವು. ನಳಿಕೆಯನ್ನು ದಿನವೂ ಕುದಿಸಿ ಕುದಿಸಿ ಅದು ಗಡುಸಾಗಿರುತ್ತಿತ್ತು. ಅಂದು ನಾನು ಮೂಗಿನ ಎರಡೂ ಹೊರಳೆಗಳಲ್ಲಿ ನಳಿಕೆ ಹಾಕಿದೆ. ಎರಡೂ ಕಡೆ ಗಂಟಲಿನವರೆಗೆ ಸಲೀಸಾಗಿ ಹೋಯಿತು. ರಿಜಿಸ್ಟರಿನಲ್ಲಿ ಹಾಗೆಯೇ ಬರೆದೆ.

ನನ್ನ ಸಕ್ಷನ್‌ಗೆ ಆ ಪ್ರಸೂತಿಗೃಹದಲ್ಲಿ ಹೆಸರಿತ್ತು. ನನ್ನ ಪಾಳಿಯ ಮಕ್ಕಳ ಮೂಗು ಕನ್ನಡಿಯ ಹಾಗೆ ಇರುತ್ತದೆ ಎಂದು ಮೇಟ್ರನ್ನರೇ ಹೊಸ ಹುಡುಗಿಯರಿಗೆ ತೋರಿಸುತ್ತಿದ್ದರು. ಇದನ್ನು ಬಡಾಯಿಗಾಗಿ ಬರೆಯುತ್ತಿಲ್ಲ. ಮುಂದೆ ನಡೆದದ್ದಕ್ಕೆ ಇದು ಬೇಕು.

ಮಧ್ಯಾಹ್ನದ ಹೊತ್ತಿಗೆ ಮಗು ಸ್ವಲ್ಪ ಗೊರಗೊರ ಎನ್ನುತ್ತಿತ್ತು. ಹುಟ್ಟಿದ ಮಕ್ಕಳಲ್ಲಿ ಇದು ಅಪರೂಪವಲ್ಲ. ನಾನು ಮತ್ತೊಮ್ಮೆ, ಹೊರಡುವ ಮುಂಚೆ ಇನ್ನೊಮ್ಮೆ ಸಕ್ಷನ್ ಮಾಡಿದೆ. ಮಂಗಳವಾರ ಸದ್ದು ಜೋರಾಯಿತು. ನಾನು ಇನ್ನೂ ಹೆಚ್ಚು ಮಾಡಿದೆ. ಬುಧವಾರ ಬೆಳಿಗ್ಗೆ ಹಾಲು ಕುಡಿಯುತ್ತಿದ್ದ ಮಗು ಒಮ್ಮೆಲೇ ಮೊಲೆ ಬಿಟ್ಟು ಕೈಕಾಲು ಒದ್ದುಕೊಂಡಿತು. ತುಟಿಯ ಸುತ್ತ ನೀಲಿ ಕಾಣಿಸಿತು.

ತಾಯಿ ಚೀರಿದಳು. "ಅಕ್ಕಾರ, ಬರ್ರಿ! ನನ್ನ ಕೂಸು ಕರ‍್ರಗ ಆಗಾಕತ್ತೈತಿ!"

ನಾನು ಮಗುವನ್ನು ಎತ್ತಿ ಅಂಗಾಲಿಗೆ ತಟ್ಟಿದೆ. ಅದು ಬಾಯಿ ತೆರೆದು ಅತ್ತಿತು. ಅತ್ತ ಕೂಡಲೇ ಸದ್ದು ನಿಂತಿತು, ಬಣ್ಣ ಕೆಂಪಾಯಿತು. ಅಳು ನಿಲ್ಲಿಸಿ ಬಾಯಿ ಮುಚ್ಚಿದರೆ ಮತ್ತೆ ಅದೇ ಗೊರಗೊರ. ಮಗು ಅತ್ತರೆ ಸಮಾಧಾನ, ಸುಮ್ಮನಾದರೆ ಭಯ. ಹಾಗೆ ಎಲ್ಲ ತಲೆಕೆಳಗಾಗಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಮಕ್ಕಳ ಡಾಕ್ಟರರು ವಾರಕ್ಕೆ ಎರಡು ಸಲ, ಬುಧವಾರ ಮತ್ತು ಶುಕ್ರವಾರ, ಮಧ್ಯಾಹ್ನ ಹನ್ನೆರಡಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಹಿಂದಿ ಇಂಗ್ಲಿಷ್ ಬೆರೆಸಿ ಮಾತನಾಡುತ್ತಿದ್ದರು. ಅವರ ಮಾತನ್ನು ನಾನು ಕನ್ನಡಕ್ಕೆ ತಂದು ಬರೆದಿದ್ದೇನೆ. ಅವರು ಮಗುವನ್ನು ಮುಟ್ಟದೆ ಮೊದಲು ಐದು ನಿಮಿಷ ಬರೀ ಕೇಳಿದರು. ನಡುವೆ ಒಂದು ವಿಮಾನ ಹೋಯಿತು. ಕಾದರು.

"ಹೇಳಿ ಸಿಸ್ಟರ್, ಸದ್ದು ಎಲ್ಲಿಂದ?"

"ಎದೆಯಿಂದ ಇರಬಹುದು ಸರ್."

"ಎದೆಯದ್ದಾದರೆ ಉಸಿರು ಬಿಡುವಾಗ ಸಿಳ್ಳೆ ಬರುತ್ತದೆ. ಇದು ಸಿಳ್ಳೆಯಲ್ಲ. ಧ್ವನಿಪೆಟ್ಟಿಗೆಯದ್ದಾದರೆ ಉಸಿರು ಎಳೆಯುವಾಗ ಕೋಳಿ ಕೂಗಿದ ಹಾಗೆ ಇರುತ್ತದೆ. ಅದೂ ಅಲ್ಲ. ಅಳಿಸಿ ನೋಡೋಣ."

ಅಳಿಸಿದೆ. ಸ್ವರ ಗಂಟೆಯ ಹಾಗಿತ್ತು. ಧ್ವನಿತಂತುಗಳು ಚಲಿಸುತ್ತಿವೆ ಎಂದು ಅವರು ತಲೆಯಾಡಿಸಿದರು. ಮಗುವನ್ನು ಬೋರಲಾಗಿ ಮಲಗಿಸಿದರು. ಗಂಟಲ ಮೆತ್ತನೆಯ ಎಲುಬು ಒಳಗೆ ಕುಸಿಯುತ್ತಿದ್ದರೆ ಬೋರಲಲ್ಲಿ ಸದ್ದು ಇಳಿಯಬೇಕು, ಇಳಿಯಲಿಲ್ಲ. ಗದ್ದ ಚಿಕ್ಕದಿದೆಯೇ, ನಾಲಿಗೆ ಹಿಂದಕ್ಕೆ ಜಾರುತ್ತಿದೆಯೇ ಎಂದು ನೋಡಿದರು. ಇಲ್ಲ. ಗಂಟಲೊಳಗೆ ಇರಬಹುದಾದ ಕೆಂಪು ಗಂಟಿನ ಸುಳಿವಿಗಾಗಿ ಮೈಮೇಲೆಲ್ಲ ಕೆಂಪು ಮಚ್ಚೆ ಹುಡುಕಿದರು. ಇರಲಿಲ್ಲ. ಕೊನೆಗೆ ಬೆರಳಿನಿಂದ ಮಗುವಿನ ಬಾಯಿ ತೆರೆದು ಹಿಡಿದರು. ಸದ್ದು ನಿಂತಿತು. ಬಿಟ್ಟರು. ಸದ್ದು ಬಂತು.

"ಮೂಗು," ಎಂದರು.

ಹತ್ತಿಯ ಒಂದು ಎಳೆಯನ್ನು ಹೊರಳೆಯ ಕೆಳಗೆ ಹಿಡಿದರು. ಉಸಿರು ಬಂದರೆ ಅದು ಅಲುಗಬೇಕು. ಎಡಗಡೆ ಅಲುಗಿತೋ ಇಲ್ಲವೋ ಎಂಬಷ್ಟು ಅಲುಗಿತು, ಬಲಗಡೆ ಏನೂ ಇಲ್ಲ.

"ಎರಡು ದಿನ ನೋಡೋಣ. ಗಂಟೆ ಗಂಟೆಗೆ ಚಾರ್ಟ್ ಬರೆಯಿರಿ. ಸದ್ದಿಲ್ಲದಿದ್ದರೆ ಸೊನ್ನೆ, ಕಿವಿ ಹತ್ತಿರ ಇಟ್ಟರೆ ಕೇಳಿದರೆ ಒಂದು, ಹಾಸಿಗೆಯ ಪಕ್ಕ ನಿಂತರೆ ಕೇಳಿದರೆ ಎರಡು, ಬಾಗಿಲಿಗೇ ಕೇಳಿದರೆ ಮೂರು. ಪಕ್ಕದಲ್ಲಿ ಬಣ್ಣ, ಅದರ ಪಕ್ಕದಲ್ಲಿ ಸಕ್ಷನ್. ಮೂರೂ ಪಾಳಿಯವರು ಬರೆಯಬೇಕು."

ಬಾಯಿ ತೆರೆದಿಡಲು ಒಂದು ಉಪಾಯವನ್ನೂ ಹೇಳಿಕೊಟ್ಟರು. ಹಾಲಿನ ಬಾಟಲಿಯ ರಬ್ಬರ್ ತೊಟ್ಟಿನ ತುದಿಯನ್ನು ಅಗಲವಾಗಿ ಕತ್ತರಿಸಿ, ಮಗುವಿನ ಬಾಯಲ್ಲಿಟ್ಟು, ಎರಡು ಬದಿಗೂ ಪಟ್ಟಿ ಕಟ್ಟಿ ಕಿವಿಯ ಹಿಂದೆ ಬಿಗಿಯುವುದು. ತೊಟ್ಟಿನ ತೂತಿನಿಂದ ಉಸಿರು; ಮಗು ಮೂಗಿನಿಂದಲೂ ಎಳೆಯುತ್ತಲೇ ಇರುವುದರಿಂದ ಸದ್ದು ಪೂರ್ತಿ ನಿಲ್ಲುವುದಿಲ್ಲ ಎಂದರು. ಹಾಲನ್ನು ತಾಯಿಯಿಂದ ಹಿಂಡಿ, ಬಾಯಿಯ ಮೂಲಕ ಸಣ್ಣ ನಳಿಕೆಯಿಂದ ಹೊಟ್ಟೆಗೆ ಬಿಡುವುದು. ತೊಟ್ಟನ್ನು ನಾನೇ ಕತ್ತರಿಸಿದೆ. ಮೂರನೆಯದು ಸರಿಯಾಯಿತು.

ತಾಯಿ ಅದನ್ನು ನೋಡಿ, "ಎಮ್ಮಿ ಕರದ ಬಾಯಿಗೆ ಬುಟ್ಟಿ ಕಟ್ಟಿದಂಗ ಕಟ್ಟೀರಲ್ರಿ," ಎಂದು ನಕ್ಕಳು. ನಗು ಮುಗಿಯುವ ಮೊದಲೇ ಅತ್ತಳು.

ಗುರುವಾರ ಬೆಳಿಗ್ಗೆ ಪಾಳಿಗೆ ಬಂದವಳು ಮೊದಲು ಚಾರ್ಟ್ ನೋಡಿದೆ. ಬುಧವಾರ ಹನ್ನೆರಡಕ್ಕೆ, ಒಂದಕ್ಕೆ ನನ್ನ ಕೈಯಲ್ಲಿ ಮೂರು, ಮೂರು. ಆಮೇಲೆ ಎರಡನೇ ಪಾಳಿಯ ಸಿಸ್ಟರ್ ಬರೆದದ್ದು: ಮೂರು, ಎರಡು, ಎರಡು, ಒಂದು, ಒಂದು. ರಾತ್ರಿ ಪಾಳಿಯಲ್ಲೂ ಒಂದು. ಸಕ್ಷನ್ ಅಂಕಣ ಎರಡು ಪಾಳಿಯಲ್ಲೂ ಖಾಲಿ. ರಾತ್ರಿಯವಳು ಒಬ್ಬಳೇ ಇಡೀ ವಾರ್ಡ್ ನೋಡಬೇಕು, ಅವಳನ್ನು ಬಿಡಿ. ನನಗೆ ಸಿಟ್ಟು ಬಂದದ್ದು ಎರಡನೇ ಪಾಳಿಯವಳ ಮೇಲೆ.

ಆಕೆ ಧಾರವಾಡದ ಕಡೆಯವಳು. ಬಂದ ಕೂಡಲೇ ಚಹಾ, ಆಮೇಲೆ ಬಾಣಂತಿಯರೊಂದಿಗೆ ಹರಟೆ. ಆಕೆಯ ಕೈಯಲ್ಲಿ ಸಕ್ಷನ್ ಬುರುಡೆಯನ್ನು ನಾನು ನೋಡಿದ್ದು ಕಡಿಮೆ. ಮಗುವಿಗೆ ಉಸಿರಿಲ್ಲದ ಹೊತ್ತಿನಲ್ಲಿ ಈಕೆ ಕುಳಿತಲ್ಲೇ ಒಂದು, ಒಂದು ಎಂದು ಬರೆದಿದ್ದಾಳೆ ಎಂದು ನಾನು ನಿಶ್ಚಯಿಸಿದೆ. ನನ್ನ ಪಾಳಿಯಲ್ಲಿ ಅಂಕಿ ಮತ್ತೆ ಏರಿತು. ಏಳಕ್ಕೆ ಒಂದು, ಒಂಬತ್ತಕ್ಕೆ ಎರಡು, ಹನ್ನೊಂದಕ್ಕೆ ಮೂರು. ನಾನು ಲಕ್ಷ್ಯ ಕೊಟ್ಟು ಕೇಳುವುದರಿಂದ ನಿಜವಾದ ಅಂಕಿ ಬರುತ್ತಿದೆ ಎಂದೇ ನಂಬಿದೆ. ಮಧ್ಯಾಹ್ನ ಒಂದು ಗಂಟೆಗೆ ಮೇಟ್ರನ್ನರಿಗೆ ಒಂದು ಅರ್ಜಿ ಬರೆದೆ. ಎರಡನೇ ಪಾಳಿಯಲ್ಲಿ ಕರ್ತವ್ಯಲೋಪವಾಗುತ್ತಿದೆ, ಸಕ್ಷನ್ ಮಾಡುತ್ತಿಲ್ಲ, ಚಾರ್ಟಿನ ಅಂಕಿಗಳು ನಂಬಲರ್ಹವಲ್ಲ, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ. ಬಂದ ಕಾಗದಗಳ ರಿಜಿಸ್ಟರಿನಲ್ಲಿ ಆವಕ ನಂಬರ್ ಬಿದ್ದು ಅರ್ಜಿ ಫೈಲಿಗೆ ಹೋಯಿತು. ಕೆಲಸ ಮುಗಿಸಿದ ಸಮಾಧಾನದಲ್ಲಿ ಲೋಕಲ್ ಹಿಡಿದೆ.

ಶುಕ್ರವಾರ ಹನ್ನೆರಡಕ್ಕೆ ಡಾಕ್ಟರರು ಬಂದರು. ಅಂದು ಬೆಳಿಗ್ಗೆ ಸದ್ದು ಬಾಗಿಲಾಚೆಗೂ ಕೇಳುತ್ತಿತ್ತು. ನಾನು ಏಳು ಸಲ ಸಕ್ಷನ್ ಮಾಡಿದ್ದೆ. ಕೊನೆಯ ಸಲ ನಳಿಕೆ ಒಳಗೆ ಹೋಗಿರಲೇ ಇಲ್ಲ, ತುದಿಗೆ ಗುಲಾಬಿ ಬಣ್ಣ ಹತ್ತಿತ್ತು. ಡಾಕ್ಟರರು ಚಾರ್ಟ್ ಎತ್ತಿಕೊಂಡು ಹುಬ್ಬು ಗಂಟಿಕ್ಕಿದರು.

"ಇದೇನು, ಸಂಜೆ ಇಳಿಯುತ್ತದೆಯೇ?"

"ಆ ಅಂಕಿಗಳನ್ನು ನಂಬಬೇಡಿ ಸರ್. ಆ ಬಗ್ಗೆ ನಾನು ಮೇಟ್ರನ್ನರಿಗೆ ಲಿಖಿತ ದೂರು ಕೊಟ್ಟಿದ್ದೇನೆ."

ಅವರು ಚಾರ್ಟನ್ನು ಕೆಳಗಿಟ್ಟರು. ಆ ದಿನಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪು ಸಕ್ಷನ್ ಅಲ್ಲ, ಆ ಒಂದು ವಾಕ್ಯ ಎಂದು ಈಗ ಅನ್ನಿಸುತ್ತದೆ.

ಹತ್ತಿಯ ಎಳೆ ಎರಡೂ ಕಡೆ ಅಲುಗಲಿಲ್ಲ. ಅವರು ನಳಿಕೆ ಹಾಕಿ ನೋಡಿದರು. ಎರಡೂ ಕಡೆ ತಡೆಯಿತು. ಕೆಲವು ಮಕ್ಕಳಲ್ಲಿ ಮೂಗಿನ ಹಿಂಬಾಗಿಲು ಹುಟ್ಟುವಾಗಲೇ ಮೂಳೆಯಿಂದ ಮುಚ್ಚಿರುತ್ತದೆ, ಅತ್ತಾಗ ಕೆಂಪು ಸುಮ್ಮನಿದ್ದಾಗ ನೀಲಿ ಎಂಬುದು ಅದರದ್ದೇ ಲಕ್ಷಣ ಎಂದರು. ನಾನು ರಿಜಿಸ್ಟರ್ ತಂದು, ಮೊದಲನೇ ದಿನ ನಳಿಕೆ ಹೋಗಿತ್ತು ಎಂದು ತೋರಿಸಿದೆ.

"ಸಿಸ್ಟರ್, ಎಲ್ಲ ಪ್ರಸೂತಿಗೃಹಗಳಲ್ಲೂ ಎಲ್ಲ ಮಕ್ಕಳಿಗೂ ಇದೇ ವಾಕ್ಯ ಬರೆದಿರುತ್ತಾರೆ. ನಳಿಕೆ ಬಾಯೊಳಗೆ ಸುತ್ತಿಕೊಂಡಿದ್ದರೂ ಹೋಯಿತು ಅನ್ನುತ್ತಾರೆ."

ನಾನು ರಿಜಿಸ್ಟರ್ ಮುಚ್ಚಿದೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಆಂಬುಲೆನ್ಸ್ ಬರುವುದು, ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ಮೂಗಿಗೆ ಬಣ್ಣದ ಔಷಧ ಬಿಟ್ಟು ಎಕ್ಸ್‌ರೇ ತೆಗೆದು, ಮೂಳೆ ಕೊರೆದು ದಾರಿ ಮಾಡುವುದು ಎಂದು ತೀರ್ಮಾನವಾಯಿತು. ಐದು ದಿನದ ಮಗುವಿಗೆ ಅರಿವಳಿಕೆ ಕೊಡುವುದರ ಅಪಾಯ ಎಷ್ಟೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸುವ ಮೊದಲು ಕನ್ನಡದಲ್ಲಿ ವಿವರಿಸುವ ಕೆಲಸ ನನ್ನದಾಯಿತು.

ಗಂಡ ಕೆಲಸದ ಮೇಲಿಂದ ಸುಣ್ಣದ ಕೈಯಲ್ಲೇ ಬಂದಿದ್ದ. ಹೆಬ್ಬೆಟ್ಟು ಕೊಟ್ಟು ಹೊರಗೆ ಹೋದ. ತಾಯಿ ಮಾತ್ರ ಕಾಗದವನ್ನು ನೋಡುತ್ತ ಕುಳಿತಳು.

"ಎಲುಬಿಗೆ ತೂತು ಹೊಡಿತಾರಂತೀರಿ. ಮೊದಲನೇ ದಿನ ನೀವು ಪೈಪ್ ಹಾಕಿದಾಗ ಹೋಗಿತ್ತಲ್ರಿ? ನಾ ಮಕ್ಕೊಂಡಲ್ಲಿಂದನ ನೋಡೀನಿ."

"ಅದು ಸರಿಯಾಗಿ ಹೋಗಿರಲಿಲ್ಲವೇನೋ."

"ಮತ್ತ ಸಂಜೀಕ ಹೆಂಗ ಮಲಗತೈತ್ರಿ ಇದು? ಆ ಸಂಜೀ ಅಕ್ಕಾರು ಬಂದ್ರ ತಣ್ಣಗ ಮಲಗತೈತಿ. ಮುಂಜಾನೆ ನೀವು ಬಂದ್ರ ಸುರು ಆಗತೈತಿ."

ಎರಡನೇ ಪಾಳಿಯವಳು ತನ್ನ ಕಡೆಯವಳು ಎಂದು ಈಕೆ ಪಕ್ಷ ವಹಿಸುತ್ತಿದ್ದಾಳೆ ಎಂದುಕೊಂಡೆ. ಆದರೆ ಅಂದು ಎರಡು ಗಂಟೆಗೆ ನಾನು ಸ್ಟೇಷನ್ನಿಗೆ ಹೋಗಲಿಲ್ಲ. ಸಾಕ್ಷಿ ಹಿಡಿಯಲೇಬೇಕೆಂದು, ಮಗುವಿನ ತೊಟ್ಟಿಲ ಬಳಿ ಒಂದು ಸ್ಟೂಲ್ ಹಾಕಿಕೊಂಡು ಕುಳಿತೆ. ಗಂಟೆ ಗಂಟೆಗೆ ನಾನೇ ಕೇಳಿ, ನನ್ನ ಅಂಕಿಯನ್ನು ಬೇರೆ ಹಾಳೆಯಲ್ಲಿ ಬರೆದು, ಆಕೆ ಬರೆದದ್ದರ ಪಕ್ಕದಲ್ಲಿಟ್ಟು ಮೇಟ್ರನ್ನರಿಗೆ ಒಪ್ಪಿಸುವುದು ನನ್ನ ಯೋಜನೆ.

ಎರಡನೇ ಪಾಳಿಯ ಸಿಸ್ಟರ್ ಚಹಾದ ಲೋಟ ಹಿಡಿದು ಬಂದಳು.

"ಏನ್ರಿ ಉಡುಪಿಯವರ, ಮನೀಗೆ ಹೋಗೂದಿಲ್ಲೇನು? ನಿಮ್ಮನ್ನ ಬಿಟ್ಟು ಹೋದ್ರ ಆ ದಹಿಸರ್ ಲೋಕಲ್ ಅಳತೈತಿ ನೋಡ್ರಿ."

"ಇವತ್ತು ಇಲ್ಲಿ ಸ್ವಲ್ಪ ಕೆಲಸ ಉಂಟು."

"ನನ್ನ ಮ್ಯಾಲ ಅರ್ಜಿ ಬರದೀರಂತ. ಮೇಟ್ರನ್ನರು ಈಗ ಓದಿ ತೋರಿಸಿದ್ರು. ಭಾಳ ಭಾರಿ ಇಂಗ್ಲಿಷ್ರಿ. ನನಗ ಬಯ್ಯಾಕತ್ತೀರಂತ ಅಷ್ಟ ತಿಳೀತು, ಯಾಕಂತ ತಿಳೀಲಿಲ್ಲ."

ಆಕೆ ನಗುತ್ತಲೇ ಹೇಳಿದಳು. ಆದರೆ ಲೋಟವನ್ನು ಕಿಟಕಿಯ ಮೇಲಿಟ್ಟವಳು ಆಮೇಲೆ ಕುಡಿಯಲೇ ಇಲ್ಲ.

"ಯಾಕೆಂತ ನೀವೇ ಹೇಳಿ. ಮಗು ಇಷ್ಟು ಕಷ್ಟಪಡುವಾಗ ಒಂದು ಸಲವೂ ಸಕ್ಷನ್ ಮಾಡುವುದಿಲ್ಲ ಅಂದರೆ ಎಂತ ಅರ್ಥ?"

"ಮೂಗಿನ್ಯಾಗ ಏನರ ಬಂದ್ರ ಕೂಸು ತಾನ ಸೀನತೈತಿ. ಹೊರಗ ಬಂದದ್ದು ಒರಸ್ತೀನಿ. ಮತ್ತ ಖರೇ ಹೇಳ್ಲೇನು? ಆ ಬುರುಡಿ ಪೈಪ್ ಬಾಯಾಗ ಇಟ್ಕೊಳ್ಳಾಕ ನನಗ ಹೇಸಿಗಿ ಬರತೈತ್ರಿ. ಇದನ್ನೂ ಬರಕೊಳ್ರಿ ಬೇಕಾದ್ರ."

ಬರೆದುಕೊಂಡೆ. ನಾಚಿಕೆಯಿಲ್ಲದೆ ಬರೆದುಕೊಂಡೆ.

ಮೂರಕ್ಕೆ ನನ್ನ ಹಾಳೆಯಲ್ಲಿ ಮೂರು. ಆಕೆಯದೂ ಮೂರು. ನಾಲ್ಕಕ್ಕೆ ನಾನು ಬಾಗಿಲಲ್ಲಿ ನಿಂತೆ, ಕೇಳಲಿಲ್ಲ, ಪಕ್ಕದಲ್ಲಿ ಕೇಳಿತು. ಎರಡು. ಆಕೆಯೂ ಎರಡು ಬರೆದಿದ್ದಳು. ಐದಕ್ಕೆ ಮತ್ತೆ ಎರಡು. ಐದೂವರೆಯ ಹೊತ್ತಿಗೆ ಮಗು ಸೀನಿತು. ಆಕೆ ಹತ್ತಿಯಿಂದ ಮೂಗಿನ ಹೊರಗನ್ನು ಮಾತ್ರ ಒರೆಸಿ, ಮಗುವನ್ನು ಹೆಗಲಿಗೆ ನೆಟ್ಟಗೆ ಹಾಕಿಕೊಂಡು ಓಡಾಡಿದಳು. ಆರಕ್ಕೆ ಮಲಗಿಸಿದಳು. ನಾನು ಬಗ್ಗಿ ಕಿವಿಯಿಟ್ಟೆ. ಆಗ ವಿಮಾನವೊಂದು ಬಂತು. ಕಾದೆ. ಅದು ಹೋದ ಮೇಲೆ ಕೇಳಿದ್ದು ಸಣ್ಣದೊಂದು ಗೊರಗೊರ, ಅಷ್ಟೆ.

ಅಷ್ಟರಲ್ಲಿ ಪಟ್ಟಿ ಸಡಿಲಾಗಿ, ಮಗು ನಾಲಿಗೆಯಿಂದ ತಳ್ಳಿದ ರಬ್ಬರ್ ತೊಟ್ಟು ಹೊರಗೆ ಬಿದ್ದುಬಿಟ್ಟಿತು. ತುಟಿಗಳು ಕೂಡಿಕೊಂಡವು. ನಾನು ಎದ್ದ ರಭಸಕ್ಕೆ ಸ್ಟೂಲ್ ಉರುಳಿತು. ನನ್ನ ಒಂದು ಕೈ ತೊಟ್ಟಿಗೆ, ಇನ್ನೊಂದು ಬುರುಡೆಗೆ ಹೋಗಿತ್ತು.

"ತಡೀರಿ," ಎಂದು ಆಕೆ ನನ್ನ ಮಣಿಕಟ್ಟು ಹಿಡಿದಳು. "ನೋಡ್ರಿ ಅದನ್ನ."

ನೋಡಿದೆ. ಬಾಯಿ ಪೂರ್ತಿ ಮುಚ್ಚಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಗಡಿಯಾರ ನೋಡಿ ಒಂದು ನಿಮಿಷ ಎಣಿಸಿದೆ. ತುಟಿ ನಸುಗೆಂಪಾಗಿಯೇ ಇತ್ತು. ಹತ್ತಿಯ ಎಳೆ ಹಿಡಿದೆ. ನನ್ನ ಕೈಯನ್ನು ನಂಬದೆ ಆಕೆಗೆ ಕೊಟ್ಟೆ. ಆಕೆ ಹಿಡಿದಳು. ಎಡಗಡೆ ಎಳೆ ಅಲುಗಿತು, ನಿಂತಿತು, ಅಲುಗಿತು.

ಮೂಳೆ ಸಂಜೆ ತೆರೆದು ಬೆಳಿಗ್ಗೆ ಮುಚ್ಚುವುದಿಲ್ಲ.

ಚಾರ್ಟನ್ನು ತೆಗೆದುಕೊಂಡು ಕಿಟಕಿಯ ಬಳಿ ಹೋದೆ. ಸಕ್ಷನ್ ಅಂಕಣದಲ್ಲಿ ಇದ್ದ ಗುರುತುಗಳೆಲ್ಲ ನನ್ನವು. ಪ್ರತಿ ಗುರುತಿನ ಮುಂದಿನ ಗಂಟೆಯ ಅಂಕಿ ಹಿಂದಿನದಕ್ಕಿಂತ ಹೆಚ್ಚು, ಇಲ್ಲವೇ ಮೂರರಲ್ಲೇ ನಿಂತಿತ್ತು. ನಾನು ಹೋದ ಎರಡು ಮೂರು ಗಂಟೆಗೆ ಇಳಿಯಲು ಸುರುವಾಗಿ, ಬೆಳಿಗ್ಗೆ ನಾನು ಬರುವವರೆಗೆ ಇಳಿದೇ ಇರುತ್ತಿತ್ತು. ಗಡುಸು ರಬ್ಬರಿನಿಂದ ತಿವಿದು ತಿವಿದು ಆ ಕೂಸಿನ ಮೂಗಿನ ಒಳಚರ್ಮಕ್ಕೆ ನಾನೇ ಬಾವು ಬರಿಸಿದ್ದೆ. ಬಾವಿನಿಂದ ಸದ್ದು, ಸದ್ದು ಕೇಳಿ ಮತ್ತೆ ಸಕ್ಷನ್. ಡಾಕ್ಟರರ ನಳಿಕೆ ತಡೆದದ್ದೂ ನಾನು ಏಳು ಸಲ ತಿವಿದ ಮೇಲಿನ ಮೂಗಿನಲ್ಲಿ. ಅದು ಎಷ್ಟು ಒಳಗೆ ಹೋಗಿ ತಡೆದಿತ್ತು ಎಂಬುದು ಆಗ ನೆನಪಿಗೆ ಬಂತು: ಹೆಬ್ಬೆರಳ ಉಗುರಿನಷ್ಟೂ ಹೋಗಿರಲಿಲ್ಲ. ಮೂಗಿನ ಹಿಂಬಾಗಿಲು ಅದಕ್ಕಿಂತ ಬಹಳ ಒಳಗಿದೆ.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು. ದೊಡ್ಡ ಆಸ್ಪತ್ರೆಯವರು ಎಕ್ಸ್‌ರೇ ತೆಗೆದರೆ ಅವರಿಗೇ ತಿಳಿಯುತ್ತದೆ, ನಾನು ಏನೂ ಹೇಳುವುದು ಬೇಡ ಎಂಬುದು ಒಂದು. ಬಾವಿದ್ದ ಮೂಗಿನಲ್ಲಿ ಬಣ್ಣದ ಔಷಧವೂ ಮುಂದೆ ಹೋಗದೆ, ಅದನ್ನೇ ಮೂಳೆ ಎಂದು ತಿಳಿದು ಕೊರೆದರೆ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಯೋಚಿಸಿದ್ದು ನಿಜ. ಎಷ್ಟು ಹೊತ್ತು ಎಂದರೆ, ಎರಡನೇ ಪಾಳಿಯವಳು ಬಂದು "ಏನಾತ್ರಿ?" ಎಂದು ಎರಡು ಸಲ ಕೇಳುವಷ್ಟು ಹೊತ್ತು.

"ಇದು ಮೂಳೆ ಅಲ್ಲ. ನಾನು ಮಾಡಿದ್ದು," ಎಂದೆ.

ಆಕೆ ಚಾರ್ಟ್ ನೋಡಿದಳು, ನನ್ನನ್ನು ನೋಡಿದಳು. ತಮಾಷೆ ಮಾಡಲಿಲ್ಲ. "ಫೋನ್ ಮೇಟ್ರನ್ನರ ಮನ್ಯಾಗ ಐತಿ. ನಡೀರಿ, ಕೂಸಿನ ಹತ್ರ ನಾ ಇರ್ತೀನಿ."

ಮೇಟ್ರನ್ನರ ಮನೆ ಕಾಂಪೌಂಡಿನೊಳಗೇ ಇತ್ತು. ಅವರು ಮರಾಠಿಯವರು. ಬಾಗಿಲು ತೆರೆದು, "ಆತಾ ಕಾಯ್? ಈಗೇನು, ಇನ್ನೊಂದು ಅರ್ಜಿಯಾ?" ಎಂದು ಕೇಳಿದರು. ನಾನು ಫೋನ್ ಬೇಕು ಎಂದೆ. ಡಾಕ್ಟರರ ದವಾಖಾನೆಗೆ ಲೈನ್ ಸಿಗಲು ಬಹಳ ಹೊತ್ತಾಯಿತು. ಮೇಟ್ರನ್ನರು ಪಕ್ಕದಲ್ಲೇ ನಿಂತಿದ್ದರು. ಮಗು ಬಾಯಿ ಮುಚ್ಚಿ ಉಸಿರಾಡಿತು ಎಂದೆ.

"ದಿನಕ್ಕೆ ಎಷ್ಟು ಸಲ ಸಕ್ಷನ್ ಮಾಡಿದ್ದೀರಿ?" ಎಂದು ಡಾಕ್ಟರರು ಕೇಳಿದರು.

"ಚಾರ್ಟಿನಲ್ಲಿ ಇವತ್ತು ಏಳು ಉಂಟು ಸರ್."

"ಚಾರ್ಟ್ ಕೇಳಲಿಲ್ಲ ನಾನು."

"ಮೊದಲ ಮೂರು ದಿನದ್ದು ಬರೆದಿಲ್ಲ. ಸದ್ದು ಕೇಳಿದಾಗಲೆಲ್ಲ ಮಾಡಿದ್ದೇನೆ. ಹತ್ತು ಆಗಿರಬಹುದು, ಹನ್ನೆರಡೂ ಆಗಿರಬಹುದು."

"ಹುಟ್ಟಿದ ದಿನ ನಳಿಕೆ ಹೋಗಿದ್ದು ನಿಜವೇ? ರಿಜಿಸ್ಟರ್ ಬಿಡಿ. ನಿಮ್ಮ ಕೈಗೆ ನೆನಪಿದೆಯೇ?"

"ನೆನಪುಂಟು ಸರ್. ಎರಡೂ ಕಡೆ ಗಂಟಲಲ್ಲಿ ತುದಿ ಕಂಡಿದ್ದೇನೆ."

"ಹಾಗಾದರೆ ನಾಳೆ ಹನ್ನೊಂದಕ್ಕೆ ಬರುತ್ತೇನೆ. ಆಂಬುಲೆನ್ಸ್ ರದ್ದು ಮಾಡಬೇಡಿ, ನಿಮ್ಮ ಮಾತು ತಪ್ಪಾಗಿದ್ದರೆ ಬೇಕಾಗುತ್ತದೆ. ಅಲ್ಲಿಯವರೆಗೆ ಯಾರೂ ಆ ಮೂಗಿಗೆ ಏನನ್ನೂ ಹಾಕಬಾರದು. ಮೂರು ಗಂಟೆಗೊಮ್ಮೆ ಒಂದೊಂದು ಹನಿ ಉಪ್ಪುನೀರು, ಅಷ್ಟೇ. ಕೈ ಕಟ್ಟಿಕೊಂಡು ಕುಳಿತಿರಿ ಸಿಸ್ಟರ್. ಆಗುತ್ತದೆಯೇ?"

ಆಗುತ್ತದೆ ಎಂದೆ. ಆಗುವುದು ಎಷ್ಟು ಕಷ್ಟ ಎಂದು ಶನಿವಾರ ಬೆಳಿಗ್ಗೆ ತಿಳಿಯಿತು.

ಏಳಕ್ಕೆ ಅಂಕಿ ಒಂದು. ಬುರುಡೆಯ ಟ್ರೇಯನ್ನು ನಾನೇ ಒಯ್ದು ಹೆರಿಗೆ ಕೋಣೆಯ ಬೀರುವಿನಲ್ಲಿಟ್ಟೆ. ಎಂಟಕ್ಕೆ ಒಂದು. ಒಂಬತ್ತು ಗಂಟೆಗೆ ಹೊಟ್ಟೆಗೆ ಹಾಲು ಬಿಡುವಾಗ ಮಗು ಓಕರಿಸಿತು, ಸ್ವಲ್ಪ ಹಾಲು ಮೂಗಿನ ತನಕ ಬಂತು. ಸದ್ದು ಒಮ್ಮೆಲೇ ಎರಡಕ್ಕೆ ಏರಿತು. ತುಟಿಯ ಅಂಚಿನಲ್ಲಿ ಮಬ್ಬು.

"ಅಕ್ಕಾರ, ಪೈಪ್ ಹಾಕ್ರೀ!" ತಾಯಿಯೇ ಅಂದಳು. ಐದು ದಿನ ನಾನು ಅವಳಿಗೆ ಕಲಿಸಿದ್ದು ಅದನ್ನೇ ಅಲ್ಲವೇ?

"ಹಾಕುವುದಿಲ್ಲ."

"ಸಾಯತೈತ್ರೀ ಅದು! ನಿನ್ನೆ ತನ ಹಾಕಿದ್ರಿ, ಇವತ್ತ ಯಾಕ ಹಾಕೂದಿಲ್ಲ?"

ನನ್ನಲ್ಲಿ ಉತ್ತರವಿತ್ತು, ಹೇಳಲು ಹೊತ್ತಿರಲಿಲ್ಲ. ಮಗುವನ್ನು ಎತ್ತಿ ಮುಖ ಕೆಳಗೆ ಮಾಡಿ ಹಾಲು ಹೊರಗೆ ಹರಿಯಗೊಟ್ಟೆ. ಆಮೇಲೆ ಹೆಗಲಿಗೆ ನೆಟ್ಟಗೆ ಹಾಕಿಕೊಂಡೆ, ಎರಡನೇ ಪಾಳಿಯವಳು ಮಾಡಿದ ಹಾಗೆ. ಬೆರಳಿನಿಂದ ಗದ್ದವನ್ನು ಕೆಳಕ್ಕೆ ಒತ್ತಿ ಹಿಡಿದೆ. 'ಅಳು, ಅಳು' ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅದು ಅಳಲಿಲ್ಲ, ಸೀನಿತು. ಎರಡು ಸಲ. ನನ್ನ ಸಮವಸ್ತ್ರದ ಭುಜ ಒದ್ದೆಯಾಯಿತು. ಮಬ್ಬು ಹೋಯಿತು. ತಾಯಿ ಎರಡು ಕೈಯಲ್ಲೂ ನನ್ನ ಸೆರಗು ಹಿಡಿದುಕೊಂಡಿದ್ದಳು. ಆಮೇಲೂ ಬಿಡಲಿಲ್ಲ. ಹತ್ತು ಗಂಟೆಯವರೆಗೆ ನಾವು ಹಾಗೆಯೇ ಕುಳಿತಿದ್ದೆವು. ಆಗ ಅವಳಿಗೆ ಎಲ್ಲವನ್ನೂ ಹೇಳಿದೆ: ಬಾವು ಬಂದದ್ದು ನನ್ನಿಂದ, ಎಲುಬಿಗೆ ಏನೂ ಆಗಿಲ್ಲ ಎಂದು ನನಗೆ ಅನ್ನಿಸುತ್ತದೆ, ಆದರೆ ಹನ್ನೊಂದರವರೆಗೆ ಖಾತ್ರಿಯಿಲ್ಲ.

ಅವಳು, "ನಾ ನಿನ್ನೆನ ಹೇಳೀನಲ್ರಿ, ಮುಂಜಾನೆ ನೀವು ಬಂದ್ರ ಸುರು ಆಗತೈತಿ ಅಂತ," ಎಂದಳು. ಅಷ್ಟೇ. ಸೆರಗು ಬಿಟ್ಟಳು.

ಹನ್ನೊಂದಕ್ಕೆ ಡಾಕ್ಟರರು ಬಂದರು. ಚಾರ್ಟನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಯಾರ ಅಂಕಿಯನ್ನೂ ಬಿಡದೆ. ಹತ್ತಿಯ ಎಳೆ ಎಡಗಡೆ ಚೆನ್ನಾಗಿ ಅಲುಗಿತು. ಬಲಗಡೆ ಅಲುಗಿದೆಯೆಂದು ನಾನು, ಇಲ್ಲವೆಂದು ಅವರು. ಅವರು ತಮ್ಮ ಚೀಲದಿಂದ, ಹಾಲು ಕುಡಿಸಲು ಬಳಸುವ ತೀರ ಸಪೂರವಾದ ಮೆತ್ತನೆಯ ನಳಿಕೆ ತೆಗೆದರು. ಉಪ್ಪುನೀರಿನಲ್ಲಿ ಅದ್ದಿ, ಒತ್ತದೆ, ಅದರ ಪಾಡಿಗೆ ಎಡಹೊರಳೆಗೆ ಬಿಟ್ಟರು. ಉಗುರಿನಷ್ಟು ಹೋಯಿತು. ನಿಂತಿತು. ಅವರು ಕೈ ತೆಗೆಯಲಿಲ್ಲ, ತಳ್ಳಲೂ ಇಲ್ಲ. ಮಗು ಉಸಿರೆಳೆದಾಗ ನಳಿಕೆ ತಾನೇ ಮುಂದಕ್ಕೆ ಸರಿಯಿತು. ಟಾರ್ಚ್ ಹಿಡಿಯಿರಿ ಎಂದರು. ಗಂಟಲಲ್ಲಿ ತುದಿ ಕಂಡಿತು.

"ಬಲಗಡೆ ನೋಡುವುದಿಲ್ಲವೇ ಸರ್?"

"ಒಂದು ಬಾಗಿಲು ಸಾಕು. ಇನ್ನೊಂದನ್ನು ಸೋಮವಾರದವರೆಗೆ ಯಾರೂ ತಟ್ಟಬೇಡಿ."

ಹನ್ನೆರಡಕ್ಕೆ ಆಂಬುಲೆನ್ಸ್ ಬಂತು. ಡ್ರೈವರನ ಕಾಗದದ ಮೇಲೆ ಡಾಕ್ಟರರು ಬೇಡವೆಂದು ಸಹಿ ಮಾಡಿ ಕಳಿಸಿದರು. ನನಗೆ ಅವರು ಬಯ್ಯಲಿಲ್ಲ. ಹೊರಡುವಾಗ ಮಾತ್ರ, "ನನ್ನ ನಳಿಕೆ ಎಲ್ಲಿ ತಡೆಯಿತೆಂದು ನಾನೂ ಅಳೆಯಲಿಲ್ಲ. ಚಾರ್ಟನ್ನು ನಾನೂ ಕೆಳಗಿಟ್ಟೆ," ಎಂದರು. ಭಾನುವಾರ ತೊಟ್ಟನ್ನು ಬಿಚ್ಚಿದೆವು. ಸೋಮವಾರ ಡಾಕ್ಟರರೇ ಬಂದು ಹಾಕಿದಾಗ ಬಲಗಡೆಯೂ ನಳಿಕೆ ಹೋಯಿತು. ಮಂಗಳವಾರ ಮಗು ತಾಯಿಯ ಮೊಲೆಗೆ ಬಾಯಿ ಹಾಕಿ, ನಡುವೆ ಒಮ್ಮೆಯೂ ಬಿಡದೆ, ಹೊಟ್ಟೆ ತುಂಬ ಕುಡಿದು ಮಲಗಿತು. ಗಂಡ ಸುಣ್ಣದ ಕೈ ತೊಳೆದುಕೊಂಡು ಬಂದು ಇಬ್ಬರನ್ನೂ ಕರೆದುಕೊಂಡು ಹೋದ.

ಅದೇ ಸೋಮವಾರ ನಾನು ಮೇಟ್ರನ್ನರಿಗೆ ಎರಡನೇ ಅರ್ಜಿ ಕೊಟ್ಟಿದ್ದೆ. ದಿನಾಂಕದ ಉಲ್ಲೇಖದೊಂದಿಗೆ ಮೊದಲ ಅರ್ಜಿಯನ್ನು ಹಿಂಪಡೆಯುವುದಾಗಿಯೂ, ಅದರಲ್ಲಿ ನಂಬಲರ್ಹವಲ್ಲವೆಂದು ಬರೆದ ಅಂಕಿಗಳೇ ಸರಿಯಾದವೆಂದೂ, ಲೋಪ ನನ್ನದೆಂದೂ ತಿಳಿಸಿದ್ದೆ. ಆವಕ ನಂಬರ್ ಬಿದ್ದ ಅರ್ಜಿಯನ್ನು ಹಿಂದಕ್ಕೆ ಕೊಡಲು ಬರುವುದಿಲ್ಲ ಎಂದು ಮೇಟ್ರನ್ನರು ಎರಡನ್ನೂ ಒಂದೇ ಪಿನ್ನಿನಲ್ಲಿ ಚುಚ್ಚಿ ಫೈಲಿಗೆ ಹಾಕಿದರು. ನನಗೆ ಒಂದು ಲಿಖಿತ ಎಚ್ಚರಿಕೆಯೂ ಬಂತು. ನ್ಯಾಯವಾದದ್ದೇ. ಆ ವಾರದಿಂದ ನಮ್ಮಲ್ಲಿ ಹೊಸ ನಿಯಮವಾಯಿತು: ಮಗುವಿನ ಮೂಗಿಗೆ ನಳಿಕೆ ಹಾಕುವ ಮೊದಲು ಯಾಕೆ ಎಂದು ಒಂದು ವಾಕ್ಯ ಬರೆಯಬೇಕು.

ಎರಡನೇ ಅರ್ಜಿಯ ಒಂದು ಪ್ರತಿಯನ್ನು ಎರಡನೇ ಪಾಳಿಯ ಸಿಸ್ಟರಿಗೂ ಕೊಟ್ಟೆ. ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿದಳು.

"ಇದೂ ಇಂಗ್ಲಿಷ್ನ್ಯಾಗ ಬರದೀರಲ್ರಿ. ಈಗ ನನ್ನ ಹೊಗಳೀರೋ ಮತ್ತ ಬೈದೀರೋ ಹೆಂಗ ತಿಳೀಬೇಕು? ಕನ್ನಡದಾಗ ಬರದಿದ್ರ ನಾಕ ಮಂದೀಗೆ ಓದಿ ತೋರಸ್ತಿದ್ದೆ."

ಬರೆದು ಕೊಡುತ್ತೇನೆ ಎಂದೆ. ಮರುವರ್ಷ ಆಕೆಗೆ ಬೇರೆ ಕಡೆಗೆ ವರ್ಗವಾಯಿತು. ನಾನು ಬರೆದು ಕೊಟ್ಟಿರಲಿಲ್ಲ. ಈಗ ಬರೆದಿದ್ದೇನೆ. ಆಕೆ ಎಲ್ಲಿದ್ದಾಳೋ ನನಗೆ ತಿಳಿಯದು.

ಕೊನೆಯದಾಗಿ ಓದುಗರಲ್ಲಿ ಕೇಳಿಕೊಳ್ಳುವುದೇನೆಂದರೆ, ಇದನ್ನು ನಾನು ಯಾರಿಂದಲೂ ತಿದ್ದಿಸಿಲ್ಲ. ಅಕ್ಷರದಲ್ಲಿ, ವಾಕ್ಯದಲ್ಲಿ, ಇಲ್ಲವೇ ಚಿಕಿತ್ಸೆಯ ವಿವರದಲ್ಲಿ ತಪ್ಪು ಕಂಡರೆ ಸಂಕೋಚವಿಲ್ಲದೆ ಗುರುತು ಹಾಕಿ ತಿದ್ದಬೇಕು. ತಪ್ಪು ತೋರಿಸಿದವರ ಮೇಲೆ ಅರ್ಜಿ ಬರೆಯುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು.

ತಮ್ಮ ವಿಧೇಯಳು,
ಮೊದಲನೇ ಪಾಳಿಯ ಸಿಸ್ಟರ್